ಎರಡು ತೊಟ್ಟಿಯ ಮೆಷಿನ್ನು

ಮನೆಯಿಂದ,
ಗುರುವಾರ, ಮಧ್ಯಾಹ್ನದ ಊಟ ಮುಗಿಸಿ

ಪ್ರೀತಿಯ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ನಿನ್ನ ಕೈ ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದರು ಅಂತ ನನ್ನ ಮಗ ಹೇಳಿದ. ಬೆರಳು ಮಡಿಸಲು ಬರುತ್ತದೋ, ಇಲ್ಲ ಇನ್ನೂ ಮರಗಟ್ಟಿದ ಹಾಗೇ ಇದೆಯೋ? ಮಲಗಿದಾಗ ಜುಮುಜುಮು ಅನ್ನುವುದು ನಿಂತಿತೇ? ನಿಜ ಬರೆ. ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಿ ಅತ್ತೆ" ಅನ್ನುವುದು ಬಿಟ್ಟು ನಿನ್ನ ಬಾಯಲ್ಲಿ ಬೇರೆ ಮಾತೇ ಹೊರಡುವುದಿಲ್ಲ. ಹೊರಡುವುದಾದರೂ ಹೇಗೆ, ನಿನ್ನ ಅಕ್ಕನ ಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಮನೆ ಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ಮೊನ್ನೆ ನಾನು ನನ್ನ ಹೊಟ್ಟೆಯ ಕಷ್ಟ ನಿನಗೆ ಹೇಳುತ್ತಿದ್ದರೆ ಆ ಕಡೆಯಿಂದ ನಿನ್ನ ಭಾವ ಮದ್ದು ಹೇಳುತ್ತಾರೆ! ನನ್ನ ಮಾನ ಹೋಯಿತು. ಅದಕ್ಕೇ ಕಾಗದ. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಹಳ್ಳಿ ಶಾಲೆಯಲ್ಲಿ ಒತ್ತಕ್ಷರ ಶುರುವಾಗುವ ಹೊತ್ತಿಗೆ ನನ್ನನ್ನು ಬಿಡಿಸಿಬಿಟ್ಟರು. ನೆನಪಾದ ಕಡೆ ಹಾಕಿದ್ದೇನೆ, ಮಿಕ್ಕ ಕಡೆ ನೀನೇ ಹಾಕಿಕೋ.

ಇಲ್ಲಿ ಎಲ್ಲರೂ ಇದ್ದೇವೆ. ನಿನ್ನ ಮಗಳು ಗುಬ್ಬಿಗೆ ನಾನು ಜಡೆ ಹಾಕಿದರೆ ಬಿಗಿಯಂತೆ, ಅವಳಪ್ಪ ಹಾಕಿದರೆ ಸಡಿಲವಂತೆ. ಕೊನೆಗೆ ಕೂದಲು ಬಿಟ್ಟುಕೊಂಡೇ ಶಾಲೆಗೆ ಹೋಗಿ ಬೈಸಿಕೊಂಡು ಬಂದಳು, ಆಮೇಲೆ ನನ್ನ ಜಡೆಯೇ ವಾಸಿ ಅಂದಳು. ನನ್ನ ಮಗ ವರ್ಕ್‌ಶಾಪಿನಿಂದ ಎಣ್ಣೆ ಜಿಡ್ಡು ಹತ್ತಿಸಿಕೊಂಡು ಬರುವ ಪ್ಯಾಂಟುಗಳು ಬಚ್ಚಲ ಮೂಲೆಯಲ್ಲಿ ತಾವಾಗಿಯೇ ನಿಂತಿವೆ, ಒಳಗೆ ಮನುಷ್ಯ ಇರಬೇಕಾಗಿಲ್ಲ. ನಿನ್ನ ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿದ್ದೇನೆ. ರವಿಕೆ ಕೊಟ್ಟವರು ಬಂದು ಕೇಳಿದರೆ, ಅವಳ ಕೈ ವಾಸಿಯಾಗುವವರೆಗೆ ನಿಮ್ಮ ರವಿಕೆಯೂ ಇಲ್ಲ, ಅವಸರವೂ ಇಲ್ಲ ಅಂತ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದೇನೆ.

ಇನ್ನು ಬಟ್ಟೆ ಒಗೆಯುವ ಮೆಷಿನ್ನಿನ ವಿಷಯ. ಬಂದಿದೆ ಅಂತ ನಿನಗೆ ಫೋನಿನಲ್ಲಿ ಹೇಳಿದ್ದೆ, ನೀನೂ ಖುಷಿಪಟ್ಟೆ. ಯಾವುದು ಬಂದಿದೆ ಅಂತ ಹೇಳಲಿಲ್ಲ. ಈಗ ಹೇಳುತ್ತೇನೆ, ಕೂತುಕೊಂಡು ಓದು. ಹಿಂಡುವುದು, ಒದ್ದೆ ಭಾರ ಎತ್ತುವುದು ಎರಡೂ ಬಂದ್, ಇಲ್ಲವಾದರೆ ಸೂಜಿ ಹಿಡಿಯುವ ಆಸೆ ಬಿಡಿ ಅಂತ ಡಾಕ್ಟರು ಹೇಳಿದ ದಿನವೇ ಅಲ್ಲವೇ, ಮನೆಗೆ ಬಟ್ಟೆ ಒಗೆಯುವ ಮೆಷಿನ್ ತಂದ ಮೇಲೆ ನಿನ್ನನ್ನು ಕರೆತರುವುದು ಅಂತ ಮಾತಾಡಿಕೊಂಡದ್ದು. ಆರಿಸುವ ಕೆಲಸ ನನಗೆ ಬಿಡಿ ಅಂದವಳು ನಾನು. ನನ್ನ ಮಗನನ್ನು ಅಂಗಡಿಗೆ ಕಳಿಸಿದರೆ ಮೊದಲು ಕಂಡದ್ದಕ್ಕೇ ತಲೆಯಾಡಿಸಿ ಬರುತ್ತಾನೆ, ನಮ್ಮ ಹತ್ತಿರ ಇರುವುದೇ ಅಷ್ಟು ದುಡ್ಡು, ಕೆಟ್ಟದ್ದು ತಂದರೆ ಇನ್ನೊಂದು ತರುವ ಯೋಗ್ಯತೆ ನಮಗಿಲ್ಲ ಅಂತ ಲೆಕ್ಕ ಹಾಕಿದೆ.

ಈ ಕಟ್ಟಡದಲ್ಲಿ ನಾನು ಹತ್ತದ ಮೆಟ್ಟಿಲಿಲ್ಲ, ಕೇಳದ ಮನೆಯಿಲ್ಲ. ಕೆಳಗಿನ ಕಂಡಕ್ಟರ್ ಹೆಂಡತಿಯ ಮೆಷಿನ್ನು ನೀರು ಹಿಂಡುವಾಗ ಬಚ್ಚಲಿನಿಂದ ಅಡುಗೆಮನೆಯವರೆಗೆ ತಾನೇ ನಡೆದು ಬರುತ್ತದೆ. ಅವಳು ಅದರ ಮೇಲೆ ಹತ್ತಿ ಕೂತು ಕಾಯಿಪಲ್ಯ ಹೆಚ್ಚುತ್ತಾಳೆ. ಅವಳು ದಪ್ಪಗಿದ್ದಾಳೆ, ನಡೆಯುತ್ತದೆ, ನಮ್ಮ ಮನೆಯಲ್ಲಿ ಯಾರು ಕೂರುವುದು? ಮೇಲಿನ ಮೇಷ್ಟ್ರದು ಮುಂದೆ ಗಾಜಿನ ಬಾಗಿಲಿನದು. ಒಮ್ಮೆ ಶುರುವಾದರೆ ಅದು ಬಾಗಿಲು ತೆಗೆಯುವುದಿಲ್ಲ. ಒಂದು ಕಾಲುಚೀಲ ಹೊರಗೇ ಉಳಿದುಹೋಯಿತು ಅಂತ ಅವರು ಅದನ್ನು ಹಿಡಿದುಕೊಂಡು ಗಾಜಿನ ಮುಂದೆ ಭಿಕ್ಷೆಗೆ ನಿಂತವರ ಹಾಗೆ ನಿಂತಿದ್ದರು. ರಿಪೇರಿಯವನು ಮೇಷ್ಟ್ರ ಮನೆಗೆ ಬಂದಾಗ ಅವನನ್ನೂ ಹಿಡಿದೆ. "ಯಾವ ಮೆಷಿನ್ನಿನಿಂದ ನಿನ್ನ ಹೊಟ್ಟೆ ತುಂಬುತ್ತೆ ಹೇಳಪ್ಪ, ಅದೊಂದನ್ನ ಬಿಟ್ಟು ಬೇರೆ ತಗೋತೀನಿ" ಅಂದೆ. ಅವನು ನಕ್ಕು, ದೀಪ ಮಿಣುಕುವಂಥವು ಕೆಟ್ಟರೆ ಒಳಗಿನ ಬೋರ್ಡ್ ದುಬಾರಿ, ಎರಡು ತೊಟ್ಟಿಯದು ಕೆಟ್ಟರೆ ಬೆಲ್ಟೋ ರಬ್ಬರೋ ಹಾಕಿದರೆ ಮುಗಿಯಿತು ಅಂದ. ಅಷ್ಟು ಸಾಕಾಯಿತು ನನಗೆ. ಗೆದ್ದವಳ ಹಾಗೆ ಮೆಟ್ಟಿಲಿಳಿದು ಬಂದೆ.

ಅಂಗಡಿಯಲ್ಲಿ ನನ್ನ ಮಗ ಒಂದನ್ನು ಮೆಚ್ಚಿದ್ದ. ತಾನೇ ಒಗೆದು ತಾನೇ ಹಿಂಡುವಂಥದು. ಪ್ರದರ್ಶನಕ್ಕೆ ಇಟ್ಟಿದ್ದರು, ಪಕ್ಕದಲ್ಲಿ ಗೀರು ಬಿದ್ದಿತ್ತು, ಹಾಗಾಗಿ ಬೆಲೆ ಇಳಿಸಿದ್ದರು. ತುಸು ಎಳೆದಾಡಿದರೆ ನಮ್ಮ ಕೈಗೂ ಎಟುಕುತ್ತಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ನಡೆಯುತ್ತದೆ ಅಂತ ಮಾರುವ ಹುಡುಗಿಯೂ ಹೇಳಿದಳು. ನಾನು ಬಿಟ್ಟೆನೇ? ಇಷ್ಟು ದೀಪ ಯಾಕೆ, ಇದೇನು ಮದುವೆ ಮನೆಯೇ ಅಂದೆ. ಬೋರ್ಡ್ ಕೆಟ್ಟರೆ ನಿಮ್ಮಪ್ಪ ತಂದುಕೊಡುತ್ತಾನಾ ಅಂತ ಆ ಹುಡುಗಿಗೂ ಅಂದುಬಿಟ್ಟೆ. ನನ್ನ ಮಗ ಮೆಲ್ಲಗೆ, "ಅಮ್ಮ, ಇದಾದ್ರೆ ಬಟ್ಟೆ ಹಾಕಿ ಮುಚ್ಚಿದ್ರೆ ಆಯ್ತು, ಮತ್ತೆ ಮುಟ್ಟೋದೇ ಬೇಡ. ಅವಳಿಗೆ..." ಅಂತ ಶುರುಮಾಡಿದ. "ಅವಳಿಗೇನು ಬೇಕು ಅಂತ ನನಗೆ ಗೊತ್ತು, ನೀನು ಬಾಯಿ ಮುಚ್ಚಿಕೊಂಡಿರು" ಅಂದೆ. ಅಷ್ಟು ಜನರ ಮುಂದೆ. ಅವನ ಮುಖ ನೋಡುವ ತಾಳ್ಮೆಯೂ ಆಗ ನನಗಿರಲಿಲ್ಲ. ಎರಡು ತೊಟ್ಟಿಯದರ ಮೈಗೆ ಗಡಿಗೆ ತಟ್ಟುವ ಹಾಗೆ ತಟ್ಟಿ ನೋಡಿದೆ. ಮೋಟಾರಿಗೆ ಗ್ಯಾರಂಟಿ ಎಷ್ಟು ವರ್ಷ, ಗುಬ್ಬಿಯ ರಜಾಯಿ ಹಿಡಿಸುತ್ತದೋ, ಇಲಿ ಕೆಳಗಿನಿಂದ ನುಗ್ಗದ ಹಾಗೆ ಜಾಳಿಗೆ ಇದೆಯೋ, ಎಲ್ಲ ಕೇಳಿದೆ. ಉದ್ದ ಪೈಪನ್ನೂ ಚಕ್ರದ ಸ್ಟ್ಯಾಂಡನ್ನೂ ಬಿಟ್ಟಿಯಾಗಿ ಕಿತ್ತುಕೊಂಡೆ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ. ನನ್ನ ಮಗ ಹೂಂ ಅನ್ನುತ್ತಿದ್ದ.

ಮರುದಿನ ಒಬ್ಬಳೇ ಇದ್ದಾಗ ಹಾಕಿದೆ. ಒಗೆಯುವುದೇನೋ ಚೆನ್ನಾಗಿಯೇ ಒಗೆಯಿತು ಅನ್ನು. ಆದರೆ ಈ ತೊಟ್ಟಿಯಲ್ಲಿ ಒಗೆದದ್ದು ಹಿಂಡಲು ಆ ತೊಟ್ಟಿಗೆ ಹೋಗಬೇಕು, ಬಟ್ಟೆಗೇನು ಕಾಲಿದೆಯೇ? ಕೈಹಾಕಿ ಎತ್ತಿದೆ. ನನ್ನ ಮಗನ ಪ್ಯಾಂಟು ನೀರು ಕುಡಿದು ಹೆಣದ ಹಾಗೆ ಭಾರವಾಗಿತ್ತು, ಹೊದಿಕೆಯ ಜೊತೆ ಹೆಣೆದುಕೊಂಡಿತ್ತು. ಎಳೆದೆ, ಬಿಡಿಸಿದೆ, ನೀರು ಇಳಿಯಲಿ ಅಂತ ಅಲ್ಲೇ ಒಂದಷ್ಟು ಹಿಂಡಿ ಆ ಕಡೆ ಹಾಕಿದೆ. ಮತ್ತೆ ಸೋಪು ಹೋಗಲು ಈ ಕಡೆಗೆ, ಮತ್ತೆ ಹಿಂಡಲು ಆ ಕಡೆಗೆ. ಕೊನೆಗೆ ಮಣಿಕಟ್ಟು ಹಿಡಿದುಕೊಂಡು ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟೆ. ಆಗ ಡಾಕ್ಟರ ಮಾತು ಕಿವಿಗೆ ಬಿತ್ತು ನೋಡು. ಅವರು ಹೇಳುವಾಗ ನಿನ್ನ ಪಕ್ಕದಲ್ಲೇ ಕೂತು ದೊಡ್ಡದಾಗಿ ತಲೆಯಾಡಿಸಿದವಳು ನಾನೇ ಅಲ್ಲವೇ? ಮೆಷಿನ್ನಿಗೆ ಏನೇನು ಬರಬಾರದು ಅಂತ ಊರೆಲ್ಲ ಸುತ್ತಿ ಕೇಳಿದೆ. ಯಾರ ಕೈಗೋಸ್ಕರ ತರುತ್ತಿದ್ದೇನೋ ಅವಳಿಗೆ ಒಂದು ಫೋನು ಮಾಡಿ ಕೇಳಲಿಲ್ಲ. ಕೇಳಿದ್ದರೆ ನೀನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ.

ಅಂಗಡಿಗೆ ಓಡಿದೆ. ನೀರು ಬಿದ್ದ ಮೇಲೆ ವಾಪಸ್ ಇಲ್ಲ ಅಂದರು. ಕೂಗಾಡಿದೆ, ಆಮೇಲೆ ಬೇಡಿಕೊಂಡೆ, ಅದನ್ನೂ ಮಾಡಿದೆ ಅಂದುಕೋ. ಆ ಹುಡುಗಿ ಕುರ್ಚಿ ಹಾಕಿ, ನೀರು ಕೊಟ್ಟು, "ಅಜ್ಜಿ, ಅವತ್ತು ಅಣ್ಣ ಹೇಳ್ತಾನೇ ಇದ್ರಲ್ಲ" ಅಂದಳು. ಗೀರು ಬಿದ್ದದ್ದು ಆಗಲೇ ಮಾರಿಹೋಗಿತ್ತು. ಮನೆಗೆ ಬಂದು ನನ್ನ ಮಗನಿಗೆ ಹೇಳಿದರೆ ಅವನು ಒಂದು ಮಾತು ಬೈಯಲಿಲ್ಲ. "ಹೋಗ್ಲಿ ಬಿಡಮ್ಮ, ಎತ್ತಿ ಹಾಕೋದು ನಾನು ಮಾಡ್ತೀನಿ" ಅಂದ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಇಂಥ ಗಂಡನನ್ನು ಇಟ್ಟುಕೊಂಡು ನೀನು ಹೇಗೆ ಸಂಸಾರ ಮಾಡುತ್ತೀಯೋ ತಾಯಿ.

ಕೆಳಗಿನ ಕ್ಷೌರದಂಗಡಿಯವನು ಟವೆಲ್ ಒಗೆಯಲು ಇದನ್ನು ಕೊಡ್ತೀರಾ ಅಂತ ಕೇಳಿದ್ದಾನೆ. ಕೊಟ್ಟು, ಮೇಲೆ ಒಂದಷ್ಟು ಕೂಡಿಸಿ, ನನ್ನ ಮಗ ಹೇಳಿದಂಥದೇ ತರೋಣ ಅಂತ ಮಾತಾಗಿದೆ. ಆದರೆ ಆ ಕ್ಷೌರದಂಗಡಿಯವನು ಕಟ್ಟುವ ಚೀಟಿ ಎದ್ದ ಮೇಲಂತೆ ದುಡ್ಡು, ಈಗಲ್ಲ.

ಔಷಧಿ ತಪ್ಪಿಸಬೇಡ. ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗು. ನಿನ್ನ ಅಕ್ಕನಿಗೂ ಭಾವನಿಗೂ ಮಕ್ಕಳಿಗೂ ಕೇಳಿದೆ ಅಂತ ಹೇಳು. ಗುಬ್ಬಿ ನಿನಗೊಂದು ಮುತ್ತು ಕೊಟ್ಟಿದ್ದಾಳೆ, ಕಾಗದದ ಮೂಲೆಯಲ್ಲಿ ಅಂಟುಅಂಟಾಗಿರುವುದು ಅದೇ. ನಿನ್ನ ಕೈ ಬೇಗ ನೆಟ್ಟಗಾಗಲಿ, ನೂರು ವರ್ಷ ಸುಖವಾಗಿ ಬಾಳು.

ಇತಿ,
ನಿನ್ನ ಅತ್ತೆ

ಮರೆತಿದ್ದೆ: ಮೇಲಿನದನ್ನೆಲ್ಲ ನನ್ನ ಮಗ ಓದಿದ್ದಾನೆ. ಇದನ್ನು ಓದಿಲ್ಲ. ಲಕೋಟೆಗೆ ಅಂಟು ತರಲು ಮೇಷ್ಟ್ರ ಮನೆಗೆ ಹೋಗಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಈ ಕಾಗದ ಶನಿವಾರಕ್ಕೆಲ್ಲ ನಿನ್ನ ಕೈ ಸೇರುತ್ತದೆ, ಭಾನುವಾರ ಅವನು ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತಾನೆ. ಅವನ ಜೊತೆ ಬರಬೇಡ. ಎತ್ತಿ ಹಾಕುವುದು ನಾನು ಅಂತ ಅವನು ಹೇಳುತ್ತಾನೆ, ಮನಸ್ಸಿನಿಂದಲೇ ಹೇಳುತ್ತಾನೆ, ಆದರೆ ಅವನು ಕೆಲಸದಿಂದ ಬರುವಷ್ಟರಲ್ಲಿ ನೀನು ತೊಟ್ಟಿಗೆ ಕೈ ಹಾಕಿರುತ್ತೀಯ. ನೀನು ಹಾಕದಿದ್ದರೆ, ಅದೊಂದು ಹೊದಿಕೆ ಆ ಕಡೆ ಹಾಕಮ್ಮ ಅಂತ ನನ್ನ ಬಾಯೇ ಹೇಳಿಬಿಡುತ್ತದೆ. ನನ್ನ ಬಾಯಿ ನನಗೆ ಗೊತ್ತು. ಬೇರೆ ಮೆಷಿನ್ನು ಬರಲಿ, ಆಮೇಲೆ ಬಾ. ನೀನಿಲ್ಲದೆ ಈ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಾಡುವವರಿಲ್ಲ, ಅದು ನನಗೆ ಕಷ್ಟವೇ, ಆದರೂ ಬರಬೇಡ. ನಾನು ಹೇಳಿದೆ ಅಂತ ಅವನಿಗೆ ಹೇಳಬೇಡ, ಅಕ್ಕ ಕಳಿಸಲಿಲ್ಲ ಅನ್ನು. ಅವನು ಒಬ್ಬನೇ ವಾಪಸ್ ಬಂದ ಮೇಲೆ ನಾನು ಫೋನ್ ಮಾಡಿ ನಿನ್ನ ಅಕ್ಕನಿಗೆ ಚೆನ್ನಾಗಿ ಬೈಯುತ್ತೇನೆ, ಸ್ಪೀಕರ್ ಹಾಕಿಕೊಂಡೇ ಕೇಳಲಿ. ಅದು ಅವನಿಗೆ ಕೇಳಿಸಲು ಅಂತ ಮೊದಲೇ ಅವಳಿಗೆ ಹೇಳಿಟ್ಟಿರು. ಮೆಟ್ಟಿಲ ಸದ್ದಾಯಿತು, ಬಂದ.