ಹೇಸರಗತ್ತೆ ಅನ್ನಬಾರದು

ಸೆಪ್ಟೆಂಬರ್ 13, 1997. ಶನಿವಾರ

ಮತ್ತೆ ಒದ್ದು ಕೊಟ್ಟ.

ಇನ್ನೊಂದೇ ಒಂದು ಗಜ ಮುಂದೆ ಹೋಗಿದ್ದರೆ ಚೆಂಡು ನಮ್ಮದಾಗಿಯೇ ಉಳಿಯುತ್ತಿತ್ತು. ನನ್ನ ಅಡುಗೆಮನೆ ಮೇಜಿನಷ್ಟೂ ಉದ್ದ ಇಲ್ಲ. ಆಟ ಮುಗಿಯಲು ಮೂರು ನಿಮಿಷ. ಚೆಂಡು ನಮ್ಮ ಕೈಯಲ್ಲಿ. ಇನ್ನೊಂದು ಸಲ ಮುನ್ನುಗ್ಗಲು ಅವಕಾಶವಿತ್ತು. ನಮ್ಮ ಕೋಚ್ ಡ್ರಿಸ್ಕಿಲ್ ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡಿದ. ಆಮೇಲೆ ಚೆಂಡು ಒದೆಸಿ ಎದುರಾಳಿಗೆ ದಾನ ಮಾಡಿದ. ಅವರು ಅದನ್ನು ಬಗಲಲ್ಲಿಟ್ಟುಕೊಂಡು ಆಟವನ್ನೇ ಮುಗಿಸಿದರು. ಹದಿಮೂರು–ಹತ್ತು. ಆಡಿದ್ದು ಎರಡು, ಸೋತದ್ದು ಎರಡು.

ತಮ್ಮ ಹೋಯ್ಟ್ ಟೋಪಿ ಕಿತ್ತು ಕಾಲಡಿ ಹಾಕಿ ತುಳಿದ. ಆಮೇಲೆ ಎತ್ತಿ ಧೂಳು ಕೊಡವಿ ಮತ್ತೆ ಹಾಕಿಕೊಂಡ. ಟೋಪಿಯ ಮೇಲೆ ಹೇಸರಗತ್ತೆ — ನಮ್ಮ ಪೆಟಿಗ್ರೂ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರೇ ಅದು.

"ಹೇಸರಗತ್ತೆ ಅಂತ ಹೆಸರಿಟ್ಕೊಂಡು ಹಿಂದಕ್ಕೆ ನಡಿಯೋ ತಂಡ ಪ್ರಪಂಚದಲ್ಲಿ ಇದೊಂದೇ ಕಣಕ್ಕ," ಅಂದ.

ಮೂವತ್ತೊಂದು ವರ್ಷದಿಂದ ಅವನದೂ ನನ್ನದೂ ಅದೇ ಎರಡು ಸೀಟು. ಬೇಯಿಸಿದ ಶೇಂಗಾದ ಅದೇ ಪೊಟ್ಟಣ. ಗೆದ್ದಾಗಲೂ ನೋಡಿದ್ದೇವೆ, ಸೋತಾಗಲೂ ನೋಡಿದ್ದೇವೆ. ಹೆದರಿದ್ದನ್ನು ಮಾತ್ರ ಈಗ ನೋಡುತ್ತಿದ್ದೇವೆ.

ಡ್ರಿಸ್ಕಿಲ್ ಹೆದರದೆ ಏನು ಮಾಡಿಯಾನು? ಎದುರಿನವರನ್ನು ತಳ್ಳಿ ದಾರಿ ಬಿಡಿಸುವ ಗಟ್ಟಿ ಹುಡುಗರೇ ಇಲ್ಲ. ಇರುವವರನ್ನೆಲ್ಲ ಟೆಕ್ಸಾಸ್, ಫ್ಲಾರಿಡಾದಿಂದ ಆರಿಸಿ ತಂದಿದ್ದಾನೆ. ಒಬ್ಬೊಬ್ಬನ ಮೊಣಕಾಲಿಗೂ ಒಂದೊಂದು ಪಟ್ಟಿ.


ಸೆಪ್ಟೆಂಬರ್ 15, ಸೋಮವಾರ. ಮಧ್ಯಾಹ್ನ 2.50

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಶಾಲೆ ಬಿಡಲು ಇನ್ನೂ ಹೊತ್ತಿದೆ.

ಬೆಳಿಗ್ಗೆ ಹಳೇ ಹತ್ತಿ ಗಿರಣಿ ರಸ್ತೆಯಲ್ಲಿ ಹಿಂದಿನ ಗಾಲಿ ಕೆಸರಿಗೆ ಇಳಿಯಿತು. ಒಳಗೆ ಮೂವತ್ತನಾಲ್ಕು ಮಕ್ಕಳು. ಇಳಿಯಿರಿ ಅನ್ನುವಷ್ಟರಲ್ಲಿ ಬಸ್ಸು ತಾನೇ ಮೇಲೆದ್ದಿತು! ಕನ್ನಡಿ ನೋಡಿದರೆ ಮಾರ್ಕ್ವೆಲ್ ಬೊಗನ್. ಹಿಂದಿನ ಬಾಗಿಲಿಂದ ಹಾರಿ ಭುಜ ಕೊಟ್ಟಿದ್ದ. ಹದಿನೇಳು ವರ್ಷ. ನೂರಮೂವತ್ತು ಕಿಲೋ. ಹೈಸ್ಕೂಲು ತಂಡದಲ್ಲಿ ದಾರಿ ಬಿಡಿಸುವವನು. ಮತ್ತೆ ಹತ್ತಿ ಬಂದಾಗ ಪ್ಯಾಂಟಿಗೆ ಕೆಸರು, ಮುಖದಲ್ಲಿ ನಾಚಿಕೆ.

"ಸಾರಿ, ಮಿಸ್ ವರ್ನೀಸ್. ಬಂಪರ್ ಸ್ವಲ್ಪ ಬಗ್ಗಿತು."

ಬಗ್ಗಲಿ ಬಿಡು. ಕಾಲೇಜಿನ ಮೈದಾನದಿಂದ ಅವನ ಮನೆಗೆ ಹದಿನಾಲ್ಕು ಮೈಲಿ. ಮೂರು ವರ್ಷದಿಂದ ಪ್ರತಿ ಶುಕ್ರವಾರ ಹೈಸ್ಕೂಲಿಗೆ ಆಡುತ್ತಿದ್ದಾನೆ. ಡ್ರಿಸ್ಕಿಲ್ ಒಂದು ಶುಕ್ರವಾರವೂ ಬಂದು ನೋಡಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವನಿಗೆ ಹಿತ್ತಲು ಇದೆ ಅನ್ನುವುದೇ ಗೊತ್ತಿಲ್ಲ.


ಸೆಪ್ಟೆಂಬರ್ 18, ಗುರುವಾರ

ಸಂಜೆ ಆರಕ್ಕೆ ರೇಡಿಯೋದಲ್ಲಿ ಕೋಚ್ ಮಾತಾಡುವ ಕಾರ್ಯಕ್ರಮ. ಮೀನಿನ ಹೋಟೆಲಿನಲ್ಲಿ ಕೂತು, ತಿನ್ನುತ್ತ, ಫೋನ್ ಮಾಡಿದವರಿಗೆ ಉತ್ತರ ಕೊಡುತ್ತಾನೆ. ನಲವತ್ತು ನಿಮಿಷ ಕಾದೆ.

"ಕೋಚ್, ನಮ್ಮ ಕೌಂಟಿಯಿಂದ ಒಬ್ಬ ಹುಡುಗನ್ನೂ ತಗೊಂಡಿಲ್ಲವಲ್ಲ, ಯಾಕೆ?"

"ಎಲ್ಲೆಡೆ ಹುಡುಕ್ತೀವಿ ಮೇಡಂ."

"ಎಲ್ಲೆಡೆ ಅಂದ್ರೆ ಹದಿನಾಲ್ಕು ಮೈಲೀನೂ ಸೇರುತ್ತಾ?"

ಹಿಂದೆ ಯಾರೋ ನಕ್ಕರು. ಪ್ಲೇಟಿನ ಸದ್ದು.

"ನೀವೇನ್ ಕೆಲಸ ಮಾಡ್ತೀರ ಮೇಡಂ?"

"ಶಾಲೆ ಬಸ್ಸು ಓಡಿಸ್ತೀನಿ."

"ಹಾಗಾದ್ರೆ ನೀವು ಬಸ್ಸು ಓಡಿಸಿ, ನಾನು ತಂಡ ಓಡಿಸ್ತೀನಿ. ಆಯ್ತಾ? ಮುಂದಿನ ಫೋನ್ ಯಾರು?"

ಈ ಸಲ ಎಲ್ಲರೂ ನಕ್ಕರು.

ನಾನು ಇಪ್ಪತ್ತಾರು ವರ್ಷದಿಂದ ಓಡಿಸುತ್ತಿದ್ದೇನೆ. ಒಂದು ದಿನವೂ ಹಳ್ಳಕ್ಕೆ ಬೀಳಿಸಿಲ್ಲ. ಅವನು ಮೂರು ವರ್ಷ ಓಡಿಸಿದ್ದಾನೆ. ಹಳ್ಳ ಬಿಟ್ಟು ಮೇಲೆ ಬಂದಿಲ್ಲ.

ಬಿಡುವವಳಲ್ಲ ನಾನು.


ಸೆಪ್ಟೆಂಬರ್ 23, ಮಂಗಳವಾರ

ಬೆಳಗಿನ ಸುತ್ತು ಮುಗಿಸಿ ನೆಟ್ಟಗೆ ಕಾಲೇಜಿಗೆ ಹೋದೆ. ಕೋಚ್ ಇಲ್ಲವಂತೆ. ಕೂರಿಸಿದ್ದು ಪ್ರೂಯಿಟ್ ಅನ್ನುವವನ ಮುಂದೆ. ಆಟದ ನಿಯಮಗಳನ್ನು ಕಾಲೇಜಿನವರು ಮುರಿಯದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ತೆಳ್ಳಗಿನ ಮನುಷ್ಯ. ದಪ್ಪನೆಯ ಪುಸ್ತಕ.

ಮಾರ್ಕ್ವೆಲ್ ಹೆಸರು ಎತ್ತಿದ್ದೇ ತಡ, ಕೈ ಅಡ್ಡ ಹಿಡಿದ.

"ನಿಮ್ಮದು ಸೀಸನ್ ಟಿಕೆಟ್ ಅಲ್ವಾ? ಅಭಿಮಾನಿಗಳ ಸಂಘಕ್ಕೆ ವರ್ಷಾವರ್ಷ ಹಣಾನೂ ಕೊಡ್ತೀರ."

"ಮೂವತ್ತೊಂದು ವರ್ಷದಿಂದ." ಹೆಮ್ಮೆಯಿಂದಲೇ ಹೇಳಿದೆ.

"ಅಂದ್ಮೇಲೆ ನೀವು ಕಾಲೇಜಿನ ಕಡೆಯವರು. ಇಲ್ಲಿಗೆ ಬಾ ಅಂತ ನೀವು ಯಾವ ಹುಡುಗನಿಗೂ ಹೇಳಬಾರದು. ಹೇಳಿದ್ರೆ ಅವನು ನಮ್ಮ ಅಂಗಿ ಹಾಕೋಕೆ ಆಗಲ್ಲ."

"ಅವನು ದಿನಾ ನನ್ನ ಬಸ್ಸು ಹತ್ತುತ್ತಾನಪ್ಪ!"

"ಗುಡ್ ಮಾರ್ನಿಂಗ್ ಹೇಳಬಹುದು. ಹೇಸರಗತ್ತೆ ಅನ್ನಬಾರದು."

"ಟಿಕೆಟ್ ವಾಪಸ್ ಕೊಟ್ಟುಬಿಟ್ರೆ?"

ಪುಸ್ತಕ ತಿರುವಿ ತೋರಿಸಿದ. ಒಮ್ಮೆ ಅಭಿಮಾನಿಯಾದರೆ ಸಾಯುವ ತನಕ ಅಭಿಮಾನಿ. ಮದುವೆಗಾದರೂ ಬಿಡುಗಡೆ ಉಂಟು, ಇದಕ್ಕಿಲ್ಲ.

ಎದ್ದು ಬರುವಾಗ ಗೋಡೆಯ ಪಕ್ಕ ರಟ್ಟಿನ ಪೆಟ್ಟಿಗೆ ಕಂಡಿತು. ಊರೂರಿನ ಹುಡುಗರು ಕಳಿಸಿದ ಆಟದ ವೀಡಿಯೋ ಕ್ಯಾಸೆಟ್ಟುಗಳು. ಮೇಲಿಂದ ಎರಡನೆಯದರ ಮೇಲೆ ದುಂಡನೆಯ ಅಕ್ಷರ — ಲೊರೀನ್ ಬೊಗನ್. ಮಾರ್ಕ್ವೆಲ್‌ನ ತಾಯಿ. ಜೂನ್ ತಿಂಗಳ ಅಂಚೆ ಮುದ್ರೆ.

ಲಕೋಟೆ ಒಡೆದೇ ಇಲ್ಲ.

ಕೈ ಚಾಚಿದೆ. ಪ್ರೂಯಿಟ್ ಬೇಡ ಅನ್ನುವಂತೆ ತಲೆಯಾಡಿಸಿದ. ಒಳ್ಳೆಯ ಮನುಷ್ಯನೇ ಪಾಪ. ಅವನ ಮುಖವೂ ಕೆಂಪಾಗಿತ್ತು.


ಸೆಪ್ಟೆಂಬರ್ 24

ಬಸ್ಸು ಓಡಿಸುವಾಗ ನನ್ನ ಹೇಸರಗತ್ತೆ ಟೋಪಿ ಹಾಕಲಿಲ್ಲ. ತಲೆ ಬೋಳಾದಂತೆ ಅನ್ನಿಸಿತು.

"ಗುಡ್ ಮಾರ್ನಿಂಗ್, ಮಾರ್ಕ್ವೆಲ್."

"ಮಿಸ್ ವರ್ನೀಸ್, ಹೇಸರಗತ್ತೆ ಎಲ್ಲೋಯ್ತು?"

"ಗುಡ್ ಮಾರ್ನಿಂಗ್, ಮಾರ್ಕ್ವೆಲ್."


ಅಕ್ಟೋಬರ್ 18, ಶನಿವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ನಡೆದಿದ್ದರೆ ತಾನೆ. ಸೋಲು, ಸೋಲು, ಒಂದು ಗೆಲುವು (ಅವರ ಕಡೆ ಐದು ಜನಕ್ಕೆ ಜ್ವರವಿತ್ತು), ಸೋಲು. ಇವತ್ತೂ ಎರಡು ಸಲ ಒದ್ದು ಕೊಟ್ಟ. ಹೋಯ್ಟ್ ಟೋಪಿ ತುಳಿಯುವುದನ್ನೂ ಬಿಟ್ಟಿದ್ದಾನೆ.


ಅಕ್ಟೋಬರ್ 21, ಮಂಗಳವಾರ

ಲೊರೀನ್ ಮನೆಗೆ ಬಂದಿದ್ದಳು. ಮೀನು ಕೊಯ್ಯುವ ಕಾರ್ಖಾನೆಯಿಂದ ನೇರವಾಗಿ, ರಬ್ಬರ್ ಬೂಟಿನಲ್ಲೇ. ಒಳಗೆ ಬಾ ಅಂದರೆ ಬರಲಿಲ್ಲ, ವಾಸನೆ ಅಂದಳು. ಮೆಟ್ಟಿಲ ಮೇಲೆ ಕೂತೆವು.

"ವರ್ನೀಸಕ್ಕ, ಫೋರ್‌ಮನ್ ಕೇಳ್ತಿದ್ದಾನೆ. ಮೇ ತಿಂಗಳಲ್ಲಿ ಶಾಲೆ ಮುಗಿದ್ರೆ ಮಗನ್ನ ಕಾರ್ಖಾನೆಗೆ ಕಳಿಸ್ತೀಯಾ ಅಂತ. ಅಂಥ ತೋಳು ಬೇಕಂತೆ ಅವರಿಗೆ. ಹೂಂ ಅನ್ನಲೋ ಬೇಡ್ವೋ ಗೊತ್ತಾಗ್ತಿಲ್ಲ. ಅವನಿಗೆ ಓದೋ ಆಸೆ. ಸ್ಕಾಲರ್‌ಶಿಪ್ ಇಲ್ದೆ ನನ್ ಕೈಲಾಗಲ್ಲ. ಹೇಸರಗತ್ತೆಯವರಿಗೆ ಕ್ಯಾಸೆಟ್ ಕಳಿಸಿದ್ದೆ. ನೋಡಿದ್ರೋ ಇಲ್ವೋ."

ನೋಡಿಲ್ಲ. ನನಗೆ ಗೊತ್ತು. ಹೇಳಲಾರೆ.

ಆಗ ಹೊಳೆಯಿತು. ಒಳಗೆ ಹೋಗಿ ಪ್ರೂಯಿಟ್‌ಗೆ ಫೋನ್ ಮಾಡಿದೆ.

"ನಮ್ಮ ಕಾಲೇಜಿನ ಮಾತು ಎತ್ತಬಾರದು, ಸರಿ. ಬೇರೆ ಕಾಲೇಜಿಗೆ ಹೋಗು ಅನ್ನಬಹುದಾ?"

ಪುಟ ತಿರುವುವ ಸದ್ದು.

"ಅದನ್ನ ಬೇಡ ಅನ್ನೋ ಪುಟ ನನಗೆ ಸಿಕ್ತಿಲ್ಲ, ಮೇಡಂ." ಆಮೇಲೆ ಮೆಲ್ಲಗೆ: "ಪುಸ್ತಕ ಬರೆದವರಿಗೆ ಅಂಥ ಅಭಿಮಾನಿ ಇರ್ತಾರೆ ಅಂತ ತೋಚಿರಲಿಕ್ಕಿಲ್ಲ."

ಹೊರಗೆ ಬಂದೆ. ಲೊರೀನ್ ಎದ್ದು ಹೊರಟಿದ್ದಳು.

"ನದಿಯಾಚೆಗೂ ಒಂದು ಕ್ಯಾಸೆಟ್ ಕಳಿಸು. ಲಾಫ್ಟನ್‌ಗೆ."

ಲಾಫ್ಟನ್! ಕೆಂಪಂಗಿಯವರು. ಮೂವತ್ತೊಂದು ವರ್ಷ ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದು ಅವರ ಮೇಲೆ. ನಮ್ಮ ಮನೆಯಲ್ಲಿ ಆ ಹೆಸರು ಹೇಳಿದರೆ ಬಾಯಿ ತೊಳೆದುಕೊಳ್ಳಬೇಕು. ನನ್ನ ಬಾಯಿಂದಲೇ ಬಂತು. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಲೊರೀನ್ ನಂಬಲಿಲ್ಲ.


ಅಕ್ಟೋಬರ್ 22

ಹೋಯ್ಟ್‌ಗೆ ಹೇಳಿಬಿಟ್ಟೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

"ಲಾಫ್ಟನ್‌ಗಾ?"

"ಹೂಂ."

"ನಮ್ಮಪ್ಪ ಸಾಯೋ ಹಿಂದಿನ ದಿನ ಕೆಂಪು ಹೊದಿಕೆ ಬೇಡ ಅಂತ ಬದಲಾಯಿಸ್ಕೊಂಡವನು."

"ಗೊತ್ತು. ಬದಲಾಯಿಸಿದ್ದು ನಾನೇ."

"ಆ ಹುಡುಗ ಮುಂದಿನ ವರ್ಷ ಬಂದು ನಮ್ಮವರ ಎದೆ ಮೇಲೆ ಕೂತ್ಕೊತಾನೆ. ಆಗ ಏನಂತೀಯ?"

"ಮೀನು ಕೊಯ್ಯೋದಕ್ಕಿಂತ ಅದು ವಾಸಿ ಅಂತೀನಿ."

ಶೇಂಗಾದ ಪೊಟ್ಟಣ ನನ್ನ ಕಡೆ ತಳ್ಳಿ ಎದ್ದು ಹೋದ. ಬಾಗಿಲು ಹಾಕಿಕೊಳ್ಳಲೂ ಇಲ್ಲ.


ಅಕ್ಟೋಬರ್ 31, ಶುಕ್ರವಾರ

ಹೈಸ್ಕೂಲಿನ ಆಟ. ಜಿಟಿಜಿಟಿ ಮಳೆ. ಮೂಲೆಯಲ್ಲಿ ಕೆಂಪು ಜಾಕೆಟ್ಟಿನವನೊಬ್ಬ ಒಂಟಿಯಾಗಿ ಕೂತು ಏನೋ ಬರೆದುಕೊಳ್ಳುತ್ತಿದ್ದ. ಜಾಗ ಬಿಟ್ಟು ಕದಲಲಿಲ್ಲ. ಮಾರ್ಕ್ವೆಲ್ ಇಬ್ಬರನ್ನು ಒಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಾಗ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನೋಡಿದ.

ನಾನು ಆ ಕಡೆ ಹೋಗಲಿಲ್ಲ. ಮೈಮೇಲೆ ಕೆಂಪು ತಗುಲೀತು ಅಂತ. ಆದರೂ ಎಣಿಸಿದ್ದೇನೆ — ಇದು ಎರಡನೆಯ ಶುಕ್ರವಾರ.


ನವೆಂಬರ್ 22, ಶನಿವಾರ

ಲಾಫ್ಟನ್ ಮೇಲಿನ ಆಟ. ಮೂವತ್ತೆಂಟು–ಆರು. ಸೋತೆವು. ಪಕ್ಕದ ಸೀಟು ಖಾಲಿ. ಹೋಯ್ಟ್ ಮೇಲುಗಡೆ ಎಲ್ಲೋ ನಿಂತು ನೋಡಿದನಂತೆ. ಮೂವತ್ತೊಂದು ವರ್ಷದಲ್ಲಿ ಮೊದಲು.

ನಾನು ಟೋಪಿ ಹಾಕಿಕೊಂಡೇ ಇದ್ದೆ. ಕೊನೆಯ ಸೀಟಿಯವರೆಗೂ ಕೂಗಿದೆ. ನಮ್ಮವರಿಗೇ.


ಡಿಸೆಂಬರ್ 12

ಲಾಫ್ಟನ್‌ನಿಂದ ಕಾಗದ. ಫೀಸು, ಪುಸ್ತಕ, ಊಟ, ಕೋಣೆ ಎಲ್ಲ ಅವರದೇ. ಲೊರೀನ್ ಓದಿ ಹೇಳಲು ಫೋನ್ ಮಾಡಿದವಳು ಓದಲಾರದೆ ಹೋದಳು.

ಸಹಿ ಹಾಕುವ ದಿನ ಫೆಬ್ರವರಿ ನಾಲ್ಕು.


ಜನವರಿ 16, 1998. ಶುಕ್ರವಾರ. ಬಸ್ಸಿನಲ್ಲಿ

ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಡ್ರಿಸ್ಕಿಲ್ ನಿನ್ನೆ ಬೊಗನ್ನರ ಮನೆಗೆ ಬಂದಿದ್ದ! ಕೆಂಪಂಗಿಯವರಿಗೆ ಬೇಕಾದ ಹುಡುಗ ಅಂತ ಕಿವಿಗೆ ಬಿದ್ದಿದೆ. ಇವನೂ ಎಲ್ಲ ಕೊಡುತ್ತಾನಂತೆ. ಫೀಸು, ಪುಸ್ತಕ, ಊಟ, ಕೋಣೆ. ಕಾಗದದ ಮೇಲೆಯೇ.

ಬೆಳಿಗ್ಗೆ ಮಾರ್ಕ್ವೆಲ್ ಹಿಂದೆ ಹೋಗಲಿಲ್ಲ. ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂತ. ಸೀಟು ಕಿರುಗುಟ್ಟಿತು.

"ಮಿಸ್ ವರ್ನೀಸ್, ಎರಡು ಕಾಗದ ಇವೆ. ಯಾವುದಕ್ಕೆ ಸಹಿ ಹಾಕಲಿ? ನೀವು ಹೇಳಿದ್ದಕ್ಕೆ ಹಾಕ್ತೀನಿ. ಅಮ್ಮನೂ ಹಾಗೇ ಅಂದ್ಳು."

ದೇವರೇ.

ಒಂದು ಪದ. ಒಂದೇ ಪದ ಸಾಕಿತ್ತು. ಹದಿನಾಲ್ಕು ಮೈಲಿ. ನಮ್ಮ ಮೈದಾನ. ಶನಿವಾರ ಲೊರೀನ್ ನನ್ನ ಪಕ್ಕ ಕೂರಬಹುದು. ಹೋಯ್ಟ್ ವಾಪಸ್ ಬರಬಹುದು. ಆದರೆ ಅದನ್ನು ಹೇಳಿದ್ದರೆ ಹುಡುಗನಿಗೆ ಆ ಅಂಗಿಯೇ ಇಲ್ಲ. ಲಾಫ್ಟನ್ ಅನ್ನೋಣವೆಂದರೆ ಅದೂ ಬರಲಿಲ್ಲ. ಕಾರ್ಖಾನೆ ತಪ್ಪಿಸಲು ಒಮ್ಮೆ ಆ ಹೆಸರು ಹೇಳಿದ್ದಾಯಿತು. ಈಗ ಎರಡೂ ಕಡೆ ಅನ್ನವಿದೆ. ಇನ್ನು ಆರಿಸುವುದು ಅವನ ಪಾಲಿನ ಕೆಲಸ.

"ರಸ್ತೆ ನೋಡ್ತಿದ್ದೀನಿ, ಮಾರ್ಕ್ವೆಲ್."

ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಆಮೇಲೆ ಅವನೇ ಶುರು ಮಾಡಿದ.

"ಕೋಚ್ ಡ್ರಿಸ್ಕಿಲ್ ಅಮ್ಮನ ಸಿಹಿಗೆಣಸಿನ ಪೈ ಎರಡು ತುಂಡು ತಿಂದ್ರು. ನನ್ನ ಮಾರ್ಕಸ್ ಅಂತ ಕರೆದ್ರು."

"ಬಾಯಿ ತಪ್ಪಿರಬೇಕು."

"ಮೂರು ಸಲ. ಆಮೇಲೆ, ಚೆಂಡು ಹಿಡ್ಕೊಂಡು ಎಷ್ಟು ಜೋರಾಗಿ ಓಡ್ತೀಯ ಅಂತ ಕೇಳಿದ್ರು."

ಬ್ರೇಕ್ ಹಾಕಿಬಿಟ್ಟೆ. ರಸ್ತೆಯಲ್ಲಿ ಏನೂ ಇರಲಿಲ್ಲ.

ಈ ಹುಡುಗ ಹುಟ್ಟಿದ ಮೇಲೆ ಆಟದಲ್ಲಿ ಚೆಂಡು ಮುಟ್ಟಿದವನಲ್ಲ. ಮುಟ್ಟುವುದು ಅವನ ಕೆಲಸವೇ ಅಲ್ಲ. ಕ್ಯಾಸೆಟ್ಟನ್ನು ಇನ್ನೂ ನೋಡಿಲ್ಲ ಆ ಮಹಾರಾಯ!

"ಕೆಂಪು ಜಾಕೆಟ್ ಅವರು ನಾಲ್ಕು ಶುಕ್ರವಾರ ಬಂದಿದ್ರಂತೆ," ಅಂದ. "ನನ್ನ ಎಡಗಾಲು ಮೊದಲು ನಿಧಾನ ಆಗುತ್ತೆ ಅಂತ ಹೇಳಿದ್ರು. ನಮ್ಮ ಹೈಸ್ಕೂಲ್ ಕೋಚಿಗೇ ಗೊತ್ತಿರಲಿಲ್ಲ ಅದು."

ನಾನು ಗೇರ್ ಹಾಕಿ ಹೊರಟೆ. ಶಾಲೆ ಬರುವ ಹೊತ್ತಿಗೆ ದವಡೆ ನೋಯುತ್ತಿತ್ತು.


ಫೆಬ್ರವರಿ 3

ಪ್ರೂಯಿಟ್ ತಾನಾಗಿಯೇ ಫೋನ್ ಮಾಡಿದ. ಏನಾದರೂ ಹೇಳಿದಿರಾ ಅಂತ.

"ಗುಡ್ ಮಾರ್ನಿಂಗ್ ಹೇಳಿದ್ದೀನಿ. ಎಣಿಸ್ಕೊಳ್ಳಿ."

"ಥ್ಯಾಂಕ್ಸ್ ಮೇಡಂ," ಅಂದ. ಯಾಕೋ ಅಳುಕಿನ ದನಿ.


ಫೆಬ್ರವರಿ 4, ಬುಧವಾರ. ಮಧ್ಯಾಹ್ನ 2.40. ಬಸ್ಸಿನಲ್ಲಿ

ಹತ್ತು ಗಂಟೆಗೆ ಶಾಲೆಯ ಲೈಬ್ರರಿಯಲ್ಲಿ. ಮೇಜು, ಎರಡು ಕಾಗದ, ಒಂದು ಪೆನ್ನು. ಲೊರೀನ್ ರಜ ಹಾಕಿ, ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಬಂದಿದ್ದಳು. ನಾನು ಹಿಂದೆ, ಅಟ್ಲಾಸಿನ ಕಪಾಟಿನ ಪಕ್ಕ. ಬಾಗಿಲ ಬಳಿ ಹೋಯ್ಟ್! ನನ್ನನ್ನು ನೋಡಲಿಲ್ಲ. ಬಂದಿದ್ದ ಮಾತ್ರ.

ಮಾರ್ಕ್ವೆಲ್ ಕೂತ. ನಮ್ಮ ಕಾಗದ ಎತ್ತಿಕೊಂಡು ಪೂರ್ತಿ ಓದಿದ. ಎರಡು ಮಡಿಕೆ ಮಾಡಿ ತಾಯಿಯ ಕೈಗೆ ಕೊಟ್ಟ. ಕೆಂಪು ಮುದ್ರೆಯ ಕಾಗದಕ್ಕೆ ಸಹಿ ಹಾಕಿದ. ಲೊರೀನ್ ಕೆಳಗೆ ಹಾಕಿದಳು, ಅದೇ ದುಂಡನೆಯ ಅಕ್ಷರದಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿ ಬಸ್ಸಿನ ಬೀಗದ ಕೈ ಇತ್ತು. ಅದನ್ನೇ ಅಂಗೈಗೆ ಹೊಡೆದುಕೊಂಡೆ.

ಮಾರ್ಕ್ವೆಲ್ ಜನರನ್ನು ಬದಿಗೆ ಸರಿಸುತ್ತ ನೇರವಾಗಿ ನನ್ನ ಹತ್ತಿರ ಬಂದ.

"ಮಿಸ್ ವರ್ನೀಸ್, ಸಹಿ ಆಯ್ತು. ನಿಯಮ ನಮ್ಮ ಹೈಸ್ಕೂಲ್ ಕೋಚ್ ಹೇಳಿದ್ರು. ಈಗ ಮಾತಾಡಬಹುದಾ?"

"ಪುಸ್ತಕದ ಪ್ರಕಾರ ಆಡಬಹುದು."

"ಹಾಗಾದ್ರೆ ಹೇಳಿ. ಅವತ್ತು ಏನ್ ಹೇಳ್ಬೇಕು ಅಂತಿದ್ರಿ?"

ಹೋಯ್ಟ್ ಕತ್ತೆತ್ತಿ ನನ್ನನ್ನೇ ನೋಡಿದ. ನಾಲ್ಕು ತಿಂಗಳ ಮಾತುಗಳು ಗಂಟಲಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಎಲ್ಲವನ್ನೂ ತಳ್ಳಿ ಒಂದನ್ನು ಮುಂದಕ್ಕೆ ತಂದೆ. ಅವನ ಎರಡೂ ತೋಳು ಹಿಡಿದುಕೊಂಡೆ — ಹಿಡಿಯಲು ಎಟುಕಿದಷ್ಟು — ಹೇಳಿದೆ:

"ನವೆಂಬರಿನಲ್ಲಿ ನಮ್ಮೂರಿಗೆ ಬರ್ತೀಯಲ್ಲ, ನಾನು ಹೇಸರಗತ್ತೆ ಟೋಪಿ ಹಾಕ್ಕೊಂಡು ನನ್ನ ಸೀಟಲ್ಲೇ ಕೂತಿರ್ತೀನಿ. ನಿನ್ನ ವಿರುದ್ಧವೇ ಕೂಗ್ತೀನಿ, ನೆನಪಿರಲಿ. ನನ್ನ ಮುಖ ನೋಡಿ ಕನಿಕರ ಪಟ್ಟು ಮೆತ್ತಗೆ ಆಡಿದ್ಯೋ, ಮಗನೇ, ಆಮೇಲೆ ನನ್ನ ಬಸ್ಸಿನ ಹತ್ರ ಬರಲೇಬೇಡ!"

ಶಾಲೆ ಬಿಡುವ ಗಂಟೆ ಹೊಡೆಯಿತು. ಮಕ್ಕಳು ಬಸ್ಸಿನತ್ತ ಬರುತ್ತಿದ್ದಾರೆ.