ಹುರಿದ ಚಿಕೋರಿಯ ಸರದಿ

ಲಂಡನ್,
ಮಂಗಳವಾರ, 22 ಆಗಸ್ಟ್ 1944

ಅಮಾಂಡ್ ಅವರಿಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರೆಂದು ಕೇಳುವ ಮನಸ್ಸಿಲ್ಲ. ನಿಮ್ಮ ಚಿಕೋರಿ ಹುರಿಮನೆ ಹೇಗಿದೆ ಎಂಬ ಕುತೂಹಲ ಮಾತ್ರ ಇದೆ. ಜರ್ಮನರು ತೊಲಗಿ ಫ್ಲಾಂಡರ್ಸಿಗೆ ಅಂಚೆ ಶುರುವಾದ ದಿನವೇ ಈ ಕಾಗದ ಹೊರಡುತ್ತದೆ.

ಇಲ್ಲಿಗೆ ಬಂದ ಹೊಸತರಲ್ಲಿ ನಿರಾಶ್ರಿತರ ಕ್ಯಾಂಟೀನಿನಲ್ಲಿ ಕಾಫಿಯೆಂಬ ಹೆಸರಿನ ಕರಿನೀರು ಹಂಚುತ್ತಿದ್ದೆ. ಒಂದು ಮಧ್ಯಾಹ್ನ ಇಬ್ಬರು ಅಧಿಕಾರಿಗಳು ಚಿಕೋರಿ ತರಕಾರಿಯೋ ಕಾಫಿಯೋ ಎಂದು ಕಿತ್ತಾಡುತ್ತಿದ್ದರು. "ಸ್ವಾಮಿ, ಹೊಲದಲ್ಲಿ ಬೇರು, ಲೋಟದಲ್ಲಿ ಕಾಫಿ. ನೀವು ಎಲ್ಲಿ ಹಿಡೀತೀರೋ ಅಲ್ಲಿ ಸುಂಕ ಹಾಕಿ" ಎಂದೆ. ಮುಂದಿನ ವಾರವೇ ನಾನು ಅವರ ಸುಂಕದ ಸಮಿತಿಯ ಸಲಹೆಗಾರ್ತಿ. ನನ್ನ ಬಾಯಿ ಮನೆ ಹಾಳುಮಾಡುತ್ತದೆ ಎನ್ನುತ್ತಿದ್ದಿರಿ; ಇಲ್ಲಿ ಅದೇ ಅನ್ನ ಹಾಕಿತು.

ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್: ಇಲ್ಲಿಗೆ ಓಡಿಬಂದಿರುವ ಮೂರು ಸರ್ಕಾರಗಳಿಗೂ ಇವತ್ತು ಕಾಲೂರಲು ಸ್ವಂತ ನೆಲವಿಲ್ಲ. ಆದರೂ ಯುದ್ಧ ಮುಗಿದ ಮೇಲೆ ತಮ್ಮ ನಡುವಿನ ಸುಂಕದ ಕಟ್ಟೆಗಳನ್ನು ಹೇಗೆ ಕಿತ್ತುಹಾಕುವುದೆಂದು ದಿನವಿಡೀ ಚರ್ಚೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗಬೇಡಿ. ನನ್ನ ಒಲೆ ಉರಿಯಲು ನಿಮ್ಮ ಸಂತೆ ನಡೆಯಬೇಕು ಎಂದಾದರೆ ಬಂದೂಕು ಎತ್ತುವ ಮುಂಚೆ ಇಬ್ಬರೂ ಎರಡು ಸಲ ಯೋಚಿಸುತ್ತಾರೆ. ಇದನ್ನು ನಾನು ನಂಬುತ್ತೇನೆ.

ಇಲ್ಲಿಯ ಪದ್ಧತಿ ಹೀಗೆ. ಅಧ್ಯಕ್ಷರು ಸರಕುಗಳ ಹೆಸರು ಒಂದೊಂದಾಗಿ ಓದುತ್ತಾರೆ. ಯಾರಾದರೂ "ತಡೀರಿ" ಎಂದರೆ ಆ ಸರಕಿಗೆ ಐದು ವರ್ಷ ಸುಂಕದ ರಕ್ಷಣೆ. ಯಾರೂ ಬಾಯಿ ಬಿಡದಿದ್ದರೆ ಗಡಿ ಬಟಾಬಯಲು. ನಮ್ಮವರ ಲೇಸಿಗೆ ತಡೆದೆ, ಬ್ರಷ್ಷಿಗೆ ತಡೆದೆ, ಅಗಸೆನಾರಿಗೆ ತಡೆದೆ. ನಿನ್ನೆ ಒಣಗಿದ ಚಿಕೋರಿ ಬೇರಿಗೂ ತಡೆದೆ. ಅದರ ಬೆನ್ನಿಗೇ "ಹುರಿದ ಚಿಕೋರಿ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಒರೆಸುತ್ತ ಕೂತೆ.

ಮೆಟ್ಟಿಲಿಳಿಯುವಾಗ ಡಚ್ಚರ ಕಡೆಯ ಟೆಬ್ಬೆಸ್ ಅಡ್ಡ ಬಂದರು.

"ಏನಮ್ಮಾ, ಬಾಯಿಗೆ ಬೀಗ ಹಾಕ್ಕೊಂಡ್ರಾ? ನಮ್ಮ ಹುರಿದ ಚಿಕೋರಿ ಸುಂಕ ಇಲ್ದೆ ನುಗ್ಗಿದ್ರೆ ನಿಮ್ಮೂರಲ್ಲಿ ಹುರಿಯೋರು ಒಂದು ಚಳಿಗಾಲ ತಡೀತಾರಾ?"

"ಕಷ್ಟಪಟ್ರೆ ಎರಡು ತಡೀಬಹುದು."

"ಮತ್ತೆ?"

"ಲಾಭ ನಿಮ್ಮದು. ಹೊಟ್ಟೆನೋವು ಯಾಕೆ ಸ್ವಾಮಿ?"

"ಲಾಭಾನೇ, ಇಲ್ಲ ಅನ್ನಲ್ಲ. ಆದ್ರೆ ಒಬ್ರು ತಮ್ಮ ಮನೆಗೆ ತಾವೇ ಬೆಂಕಿ ಇಡೋದನ್ನ ನೋಡ್ಕೊಂಡು ಇರೋಕಾಗಲ್ಲ. ಗುರುವಾರ ಪಟ್ಟಿಯ ಎರಡನೇ ಓದು ಇದೆ. ಒಂದು ಮಾತು ಅಂದ್ರೆ ಸಾಕು."

ಒಂದು ಮಾತು. 1940ರ ಮೇ ತಿಂಗಳಲ್ಲಿ, ಜರ್ಮನರು ನುಗ್ಗಿದಾಗ, ನಿಮಗೂ ಅಷ್ಟೇ ಸಾಕಿತ್ತು. ಲಾರಿಯಲ್ಲಿ ನಲವತ್ತೊಂದು ಮೂಟೆ ಚಿಕೋರಿ, ಅದರ ಮೇಲೆ ನನ್ನ ಅವ್ವ. ಟೋರ್‌ಹೌಟ್‌ನ ಕೂಡುರಸ್ತೆಯಲ್ಲಿ ಭಾರಕ್ಕೆ ಅಚ್ಚು ಕಿರುಗುಟ್ಟಿತು. ಅವ್ವನನ್ನು ರಸ್ತೆಬದಿಗೆ ಇಳಿಸಿ, "ಅತ್ತೆ, ಇಲ್ಲೇ ಕೂತಿರಿ. ಮೂಟೆ ಬಂದರಿಗೆ ಮುಟ್ಟಿಸಿ ಒಂದು ಗಂಟೇಲಿ ಬಂದ್ಬಿಡ್ತೀನಿ" ಎಂದಿರಿ. ಮಂಡಿನೋವಿನ ಮುದುಕಿ, "ನಿಧಾನ ಹೋಗಪ್ಪಾ, ನನಗೇನು ಅವಸರ" ಎಂದಳು. ನೀವು ತಿರುಗಿ ಹೋಗಲಿಲ್ಲ. ಮೂರನೆಯ ದಿನ ಆಸ್ಟೆಂಡ್ ಬಂದರಿನಲ್ಲಿ ನೆರೆಮನೆಯ ರೆಮಿ ಸಿಕ್ಕ. ವಿಮಾನಗಳು ಬಂದವಂತೆ, ರಸ್ತೆಬದಿಯ ಗುಂಡಿಯಲ್ಲಿ ಅವ್ವನನ್ನು ಮಣ್ಣು ಮಾಡಿದವನು ಅವನೇ. ನಾನು ಮೀನುದೋಣಿ ಹತ್ತಿದೆ. ನೀವು ಮೂಟೆಗಳ ಜೊತೆ ಮನೆಗೆ ಹೋದಿರಿ. ಒಂದು ಮೂಟೆ, ಒಂದೇ ಒಂದು, ಅವ್ವನಿಗಿಂತ ಭಾರವಿತ್ತು. ಅದನ್ನು ಉರುಳಿಸಿದ್ದರೆ ಸಾಕಿತ್ತು.

ಊರಿನ ಬಡವರ ಹೊಟ್ಟೆಗೆ ಹೊಡೆದಳು ಎನ್ನಬೇಡಿ. ಬೇರು ಬೆಳೆಯುವವರು, ಒಣಗಿಸುವವರು ಬೆಚ್ಚಗಿರುತ್ತಾರೆ. ನಿಮ್ಮ ಕೆಲಸದವರನ್ನೂ ಅವರು ಸೇರಿಸಿಕೊಳ್ಳುತ್ತಾರೆ. ನಮ್ಮೂರಲ್ಲಿ ಹುರಿಯುವವರು ನೀವೊಬ್ಬರೇ. ಪಟ್ಟಣದ ಹುರಿಮನೆಗಳಿಗೆ ಬೇರೆ ಕಸುಬುಗಳಿವೆ. ನಿಮಗೆ ಇದೊಂದೇ ಗೊತ್ತು. ಇನ್ನು ನೀವು ಕೊಳ್ಳುವ ಬೇರು ದುಬಾರಿ, ನೀವು ಮಾರುವ ಪುಡಿ ಅಗ್ಗ. ಜರಡಿ ಹಿಡಿದಂತೆ ನಿಮ್ಮನ್ನೊಬ್ಬರನ್ನೇ ಆರಿಸಿದ್ದೇನೆ.

ಗುರುವಾರಕ್ಕೆ ಇನ್ನೂ ಎರಡು ದಿನವಿದೆ. ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲದ ಬಾಯಿ ಇದು. ತಡೆದುಕೊಳ್ಳುತ್ತದೋ ಇಲ್ಲವೋ, ನೋಡಬೇಕು.

ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿ,
ಸೀಡೋನಿ

ಶುಕ್ರವಾರ ಸೇರಿಸಿದ್ದು: ನಿನ್ನೆ ಎರಡನೇ ಓದು ಮುಗಿಯಿತು. ಹುರಿದ ಚಿಕೋರಿಯ ಹೆಸರು ಬಂದಾಗ ಟೆಬ್ಬೆಸ್ ಮೂರು ಸಲ ಕೆಮ್ಮಿದರು. ನಾನು ತುಟಿ ಬಿಚ್ಚಲಿಲ್ಲ. ಹುರಿಮನೆಯ ಅರ್ಧ ನನ್ನ ತವರಿನದು ಎಂದು ನೀವು ನೆನಪಿಸಬೇಕಾಗಿಲ್ಲ. ಆ ಅರ್ಧವೂ ಹಾಳಾಗಲಿ ಎಂದೇ ಸುಮ್ಮನಿದ್ದೆ. ಅಂದು ಲಾರಿಯ ಮುಂದಿನ ಸೀಟಿನಲ್ಲಿ ನಿಮ್ಮ ಪಕ್ಕ ಕೂತಿದ್ದವಳು ನಾನು. ಬಿಸಿಲು ಜೋರಾಗಿದೆಯೆಂದು ಕಿಟಕಿಯಿಂದ ಅವ್ವನಿಗೆ ಕೊಡೆ ಚಾಚಿದೆ. ನಾನು ಇಳಿಯಲಿಲ್ಲ.