ಮೂರೂವರೆ ಸುತ್ತು

ನವೆಂಬರ್ 5, ಬುಧವಾರ. ಬೆಳಿಗ್ಗೆ 6.30

ಮೊದಲ ಕೇಕ್ ಇಳಿಸಿದೆ. ಎರಡನೆಯದು ಓವನ್ನಿನಲ್ಲಿ. ಚಹಾ ಆರಿ ಹೋಯಿತು. ದೇವಬಾಗದ ರೂಪಾಲಿಯಿಂದ ಆಗಲೇ ಮೂರು ಮೆಸೇಜ್ — ಕ್ರೀಮ್ ಕರಗಿದೆ, ಫೋಟೊ ಚೆನ್ನಾಗಿ ಬರಲಿಲ್ಲ, ಪೂರ್ತಿ ಹಣ ವಾಪಸ್ ಬೇಕು.

ನಡೆದದ್ದು ಇಷ್ಟು. ನಿನ್ನೆ ಹನ್ನೊಂದಕ್ಕೆ ಬಂದು ಕೇಕ್ ಒಯ್ದಳು. ಸ್ಕೂಟಿಯಲ್ಲಿ ಕಾಲ ಬಳಿ ಇಟ್ಟಳು. ದಾರಿಯಲ್ಲಿ ಬ್ಯೂಟಿ ಪಾರ್ಲರ್, ಎರಡು ತಾಸು. ಸ್ಕೂಟಿ ಹೊರಗೆ, ಬಿಸಿಲಲ್ಲಿ. ಸೂರ್ಯನ ಮೇಲೆ ಹಾಕಬೇಕಾದ ಕೇಸನ್ನು ನನ್ನ ಮೇಲೆ ಹಾಕಿದ್ದಾಳೆ.

ಫೋನ್ ಮಾಡಿ ಕೇಳಿದೆ — ಕೇಕ್ ಈಗ ಎಲ್ಲಿದೆ?

"ತಿಂದ್ವಲ ಆಂಟಿ. ಬಿಸಾಡೂಕೆ ಆಗ್ತದಾ?"

ತಿಂದ ಮೇಲೆ ವಾಪಸಿಲ್ಲ. ಇದು ಈ ಅಡುಗೆಮನೆಯ ಶಾಸನ. ಹಾಗೆಂದು ಸಾರಿದೆ, ನಾಟಕದಲ್ಲಿ ರಾಜನ ವೇಷ ಹಾಕಿ ಅಪ್ಪ ಸಿಂಹಾಸನದಿಂದ ಸಾರುತ್ತಿದ್ದ ಧ್ವನಿಯಲ್ಲೇ. ಪಕ್ಕದ ಮನೆಯ ನಾಯಿ ಎದ್ದು ಹೋಯಿತು. ರೂಪಾಲಿ ಫೋನ್ ಇಟ್ಟಳು.

ಎರಡನೆಯದು ಸ್ವಲ್ಪ ಕಪ್ಪಾಯಿತು, ಈ ಗಲಾಟೆಯಲ್ಲಿ.

ನವೆಂಬರ್ 8, ಶನಿವಾರ. ಸಂಜೆ

ನಾಳೆಗೆ ಎರಡು ಪೈನಾಪಲ್. ಒಂದೊಂದು ಕೇಜಿ.

ಒಂದು ಹಿಂದಿನ ಓಣಿಯ ವೈಜಯಂತಿ ಬಾಯಿಗೆ. ಗಂಡನಿಗೆ ಅರವತ್ತು ತುಂಬುತ್ತದೆ. ಮೊಟ್ಟೆ ಹಾಕಿ ಹತ್ತಿಯ ಹಾಗೆ ಮಾಡು ಎಂದು ನಾಲ್ಕು ಸಲ ಹೇಳಿದ್ದಾರೆ. ಆತನದು ಕಟ್ಟಿಸಿದ ಹಲ್ಲು.

ಇನ್ನೊಂದು ಅಗಸೂರಿನ ಹೊನ್ನಕ್ಕನಿಗೆ. ಮೊಮ್ಮಗಳು ಬೊಮ್ಮಿಗೆ ಎರಡು ವರ್ಷ. ಇದು ಮೊಟ್ಟೆ ಇಲ್ಲದ್ದು. ಹೊನ್ನಕ್ಕ ನನ್ನ ತವರು ಶೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯವಳು, ಅಗಸೂರಿಗೆ ಕೊಟ್ಟರು. ಹದಿನಾಲ್ಕರಲ್ಲಿ ನಾನು ಮೊದಲ ಸಲ ರಾಜಮಾತೆಯ ಪಾತ್ರಕ್ಕೆ ನಿಂತಾಗ ಸೀರೆ ಉಡಿಸಿದ ಕೈ ಅವಳದು. ಇಪ್ಪತ್ತೆರಡು ಪಿನ್ನು ಚುಚ್ಚಿದ್ದಳು. ಬೊಮ್ಮಿ ಏಳು ತಿಂಗಳಿಗೇ ಹುಟ್ಟಿದ ಕೂಸು. ಇನ್ನೂ ನಡೆಯುವುದಿಲ್ಲ. ಕೂಸು ತಾನಾಗಿ ನಡೆಯುವವರೆಗೆ ಮೀನು, ಮೊಟ್ಟೆ ಮುಟ್ಟುವುದಿಲ್ಲ ಎಂದು ಹೊನ್ನಕ್ಕನ ಹರಕೆ. ಹದಿನಾಲ್ಕು ತಿಂಗಳಾಯಿತು. ಬಂಗಡೆಯ ತಲೆ ಚೀಪಿ ಚೀಪಿ ದೊಡ್ಡವಳಾದ ಹೆಂಗಸು, ಹದಿನಾಲ್ಕು ತಿಂಗಳಿಂದ ಗಂಜಿ, ಉಪ್ಪಿನಕಾಯಿ.

ಎರಡೂ ಸ್ಪಂಜ್ ಚೆನ್ನಾಗಿ ಬಂದವು. ಯಾವಾಗಿನಂತೆ ಮೊಟ್ಟೆ ಇಲ್ಲದ್ದಕ್ಕೆ ಬಿಸಿ ಇರುವಾಗಲೇ ಒಂದು ಲವಂಗ ಚುಚ್ಚಿದೆ. ಅದೇ ನನ್ನ ಗುರುತು, ಕ್ರೀಮ್ ಹಚ್ಚುವ ಮೊದಲು ಕಿತ್ತು ತೆಗೆಯುವುದು. ಎರಡನ್ನೂ ಬೋರಲು ಹಾಕಿ ಜಾಲರಿಯ ಮೇಲೆ ಆರಲು ಇಟ್ಟೆ. ಕಿಟಕಿಯ ಕಡೆ ಹೊನ್ನಕ್ಕನದು, ಬಾಗಿಲ ಕಡೆ ವೈಜಯಂತಿಯದು.

ಪ್ರೇಕ್ಷಾ ಮೊಬೈಲ್ ಹಿಡಿದು ಬಂದಳು. ಕಾಲೇಜಿಗೆ ರಜೆ ಇದ್ದರೆ ಮಗಳಿಗೆ ನಾನೇ ಆಟದ ಸಾಮಾನು. "ಆಯಿ, ಒಂದು ರೀಲ್. ಅಜ್ಜನ ರಾಜನ ಎಂಟ್ರಿ ಮಾಡು. ಕೈಯಲ್ಲಿ ಕೇಕ್ ಇರಲಿ."

ಹೇಳಬೇಕೇ ನನಗೆ. ಅಪ್ಪನ ಪ್ರವೇಶ ಎಂದರೆ ರಂಗದ ಸುತ್ತ ಮೂರು ಸುತ್ತು, ಆಮೇಲೆ ಮಾತು. ಜಾಲರಿಯನ್ನೇ ಎರಡೂ ಕೈಯಲ್ಲಿ ಕಿರೀಟದ ಹಾಗೆ ಎತ್ತಿಕೊಂಡು ಅಡುಗೆಮನೆಯ ಮೇಜಿಗೆ ಸುತ್ತು ಹಾಕಿದೆ. "ಯಾರಲ್ಲಿ" ಎಂದಾಗ ಮೇಲಿನ ಡಬ್ಬಿಗಳು ನಡುಗಿದವು. ಪ್ರೇಕ್ಷಾ ನಕ್ಕು ನಕ್ಕು ಕುಳಿತೇಬಿಟ್ಟಳು.

ಆಮೇಲೆ ಅವಸರ. ಕಿಟಕಿಯ ಕಡೆಯದರ ಅಡಿ ತಡಕಿದರೆ ಲವಂಗ ಸಿಗಲಿಲ್ಲ. ಕುಣಿತದಲ್ಲಿ ಎಲ್ಲೋ ಬಿದ್ದಿರಬೇಕು. ಕ್ರೀಮ್ ಹಚ್ಚಿ, ಹೆಸರು ಬರೆದು, ಎರಡನ್ನೂ ಫ್ರಿಜ್ಜಿಗೆ ಸೇರಿಸಿದೆ.

ನವೆಂಬರ್ 9, ಭಾನುವಾರ. ರಾತ್ರಿ ಊಟಕ್ಕೆ ಮೊದಲು

ಹೊನ್ನಕ್ಕನ ಕೇಕ್ ಬೆಳಿಗ್ಗೆಯ ಬಸ್ಸಿನಲ್ಲಿ ಹೋಯಿತು. ಗಂಡ ಬಸ್ ಡಿಪೋದಲ್ಲಿ ಇರುವುದರಿಂದ ಇಷ್ಟಾದರೂ ಉಪಯೋಗ.

ನಾಲ್ಕಕ್ಕೆ ಅವಳದೇ ಫೋನ್. "ದುರ್ಗೀ, ಎಂತಾ ಹಾಕೀಯೇ ಇದ್ಕೆ? ಬಾಯಿಗೆ ಇಟ್ರೆ ಕರ್ಗೇಹೋತು. ನಾನೇ ಎರಡು ತುಂಡು ತಿಂದೆ. ಮೊಟ್ಟೆ ಇಲ್ದೆ ಹಿಂಗೂ ಆಗ್ತದೆ ಅಂದ್ರೆ ನಂಬೂಕಾಗೂದಿಲ್ಲ ತಂಗೀ." ಕಣ್ಣು ತುಂಬಿತು ನನಗೆ. ಚಪ್ಪಾಳೆ ಬಹಳ ಕೇಳಿದ್ದೇನೆ, ಇದು ಬೇರೆ.

ಐದಕ್ಕೆ ವೈಜಯಂತಿ ಬಾಯಿಯ ಮೆಸೇಜ್. ಗಟ್ಟಿ. ಇಟ್ಟಿಗೆ. ಗಂಡನ ಹಲ್ಲಿಗೆ ಏನೋ ಕಪ್ಪು ಕಡ್ಡಿ ಸಿಕ್ಕಿ ಸೆಟ್ಟು ಬಿರುಕು ಬಿಟ್ಟಿದೆ. ಹುಳವೇ ಇರಬೇಕು. ಕೇಕಿನ ಹಣ ವಾಪಸ್ ಕೊಡು. ಜೊತೆಗೊಂದು ಫೋಟೊ: ಅಂಗೈಯಲ್ಲಿ ಕಪ್ಪು ಚುಕ್ಕೆ, ಪಕ್ಕದಲ್ಲಿ ಮುಕ್ಕಾಲು ಖಾಲಿಯಾದ ಕೇಕು.

ಮುಕ್ಕಾಲು ಖಾಲಿ. ಇಟ್ಟಿಗೆಯನ್ನು ಅಷ್ಟು ತಿಂದವರಾರು?

ನವೆಂಬರ್ 10, ಸೋಮವಾರ

ಓಣಿಯ ಹೆಂಗಸರ ವಾಟ್ಸಪ್ ಗುಂಪಿನಲ್ಲಿ ವೈಜಯಂತಿ ಬಾಯಿ ಅದೇ ಫೋಟೊ ಹಾಕಿದ್ದರು. ಐವತ್ತೆಂಟು ಮಂದಿಯ ಎದುರು. ಸುಮ್ಮನಿರಲೇ? ವಾಯ್ಸ್ ಮೆಸೇಜ್ ಕಳಿಸಿದೆ. ನಾಲ್ಕು ನಿಮಿಷ. ತಿಂದು ತೇಗಿದ ಮೇಲೆ ಹುಟ್ಟಿದ ಹುಳ. ಮನೆಯ ಮಸಾಲೆ ಡಬ್ಬಿಯಿಂದ ಎದ್ದು ಬಂದು ವೇಷ ಹಾಕಿದ ಕಡ್ಡಿ. ಅರವತ್ತರ ಹಲ್ಲಿನ ಬಿಲ್ಲನ್ನು ಕೇಕಿನ ತಲೆಗೆ ಕಟ್ಟುವ ನ್ಯಾಯ. ಕೊನೆಗೆ ಅಪ್ಪನ ನಗು, ಆಸ್ಥಾನ ಪೂರ್ತಿ ಕೇಳಿಸುವ ಹಾಗೆ.

ಗುಂಪು ನಕ್ಕಿತು. ಒಂದು ತಾಸಿನಲ್ಲಿ ಬೇರೆ ಓಣಿಗಳಿಗೂ ಹೋಯಿತಂತೆ.

ನವೆಂಬರ್ 12, ಬುಧವಾರ

ವಾಯ್ಸ್ ಮೆಸೇಜಿನಿಂದ ಐದು ಹೊಸ ಆರ್ಡರ್. ರೀಲಿಗೆ ಹನ್ನೊಂದು ಸಾವಿರ ವ್ಯೂಸ್. ಡಿಪೋದಲ್ಲಿ ಭರತನನ್ನು "ರಾಜಮಾತೆಯ ಗಂಡ" ಎನ್ನುತ್ತಾರಂತೆ. ಮುಖ ಊದಿಸಿಕೊಂಡು ಬಂದಿದ್ದಾನೆ.

ಮೀನು ಮಾರ್ಕೆಟ್ಟಿನಲ್ಲಿ ವೈಜಯಂತಿ ಬಾಯಿ ಸಿಕ್ಕರು. ಜಗಳಕ್ಕೆ ಸಿದ್ಧಳಾಗಿ ಎದೆ ತುಂಬ ಉಸಿರು ಎಳೆದುಕೊಂಡೆ. ಅವರು ಬಂಗಡೆಯ ಕಿವಿರು ಎತ್ತಿ ನೋಡುತ್ತಲೇ ಹೇಳಿದರು: "ದುರ್ಗಾ ಬಾಯಿ, ನಾ ಸುಳ್ಳು ಹೇಳೂ ಪೈಕಿ ಅಲ್ಲ ಹಾಂ." ಅಷ್ಟೇ. ಚೀಲ ಎತ್ತಿಕೊಂಡು ಹೋದರು.

ಎಳೆದುಕೊಂಡ ಉಸಿರು ಇನ್ನೂ ಒಳಗೇ ಇದೆ.

ನವೆಂಬರ್ 13, ಗುರುವಾರ. ಮಧ್ಯಾಹ್ನ

ಮೊಟ್ಟೆ ಇಲ್ಲದ ಸ್ಪಂಜ್ ಇಳಿಸಿದೆ. ಲವಂಗದ ಡಬ್ಬಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು.

ಕಪ್ಪು ಕಡ್ಡಿ.

ಫೋಟೊ ದೊಡ್ಡದು ಮಾಡಿ ನೋಡಿದೆ. ತಲೆ ಮುರಿದ ಲವಂಗ.

ರೀಲ್ ಹಾಕಿದೆ. ಒಂದು ಸುತ್ತು. ಎರಡು. ಮೂರು. ಅಲ್ಲಿಗೆ ನಿಲ್ಲಬೇಕಿತ್ತು. ನಿಂತಿಲ್ಲ. ಪ್ರೇಕ್ಷಾಳ ಧ್ವನಿ ಕೇಳುತ್ತದೆ — "ಆಯಿ, ಈ ಕಡೆ, ಈ ಕಡೆ". ನಾನು ಕ್ಯಾಮೆರಾಕ್ಕಾಗಿ ಇನ್ನೂ ಅರ್ಧ ಸುತ್ತು ಬಂದು, ಮೇಜಿನ ಆಚೆ ಬದಿಯಿಂದ ಜಾಲರಿ ಇಟ್ಟಿದ್ದೇನೆ. ಕಿಟಕಿಯ ಕಡೆಯದು ಬಾಗಿಲ ಕಡೆಗೆ. ಬಾಗಿಲ ಕಡೆಯದು ಕಿಟಕಿಗೆ. ಹನ್ನೊಂದು ಸಾವಿರ ಮಂದಿ ನೋಡಿದ್ದಾರೆ. ಒಬ್ಬರಿಗೂ ಗೊತ್ತಾಗಿಲ್ಲ.

ಹಾಗಾದರೆ ವೈಜಯಂತಿ ತಿಂದದ್ದು ಮೊಟ್ಟೆ ಇಲ್ಲದ್ದು. ಹೊನ್ನಕ್ಕ ತಿಂದದ್ದು...

ಎರಡು ತುಂಡು ಎಂದಿದ್ದಳು.

ನವೆಂಬರ್ 17, ಸೋಮವಾರ

ಮೂರು ದಿನ ಬರೆಯಲಿಲ್ಲ. ಕುಳಿತರೆ ಏಳಬೇಕು, ಎದ್ದರೆ ಕೂರಬೇಕು. ಸಕ್ಕರೆ ಎರಡು ಸಲ ಅಳೆದೆ, ಎರಡು ಸಲವೂ ಮರೆತೆ.

ಭರತನಿಗೆ ಹೇಳಿದೆ. ಅವನ ತೀರ್ಪು ಡಿಪೋದ ಫೈಲಿನ ಹಾಗೆ. ವೈಜಯಂತಿಗೆ ಗಪ್‌ಚುಪ್ಪಾಗಿ ಹಣ ಕೊಟ್ಟುಬಿಡು. ಹೊನ್ನಕ್ಕನಿಗೆ ಹೇಳಬೇಡ.

"ಅವ್ಳು ಗೊತ್ತಿಲ್ದೆ ತಿಂದದ್ದು. ದೇವರಿಗೂ ಗೊತ್ತದೆ ಅದು."

"ನನಗೂ ಗೊತ್ತದ್ಯಲ," ಎಂದೆ.

"ನಿಂಗೆ ಎಂತದೂ ಸಣ್ಣ ದನಿಯಲ್ಲಿ ಗೊತ್ತಾಗೂದೇ ಇಲ್ಲ ಮಾರಾಯ್ತಿ. ಅದೇ ತಾಪತ್ರಯ."

ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವಳು ಗಂಜಿ ಉಣ್ಣುತ್ತಲೇ ಇರುತ್ತಾಳೆ, ಹರಕೆ ಪೂರ್ತಿ ಇದೆ ಎಂದುಕೊಂಡು. ನಾನು ಇಲ್ಲಿ ಬಂಗಡೆ ಹುರಿಯುತ್ತ ಇರುತ್ತೇನೆ. ಬೊಮ್ಮಿ ನಡೆಯದೆ ಹೋದರೆ? ಕೇಕಿಗೂ ಕಾಲಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಪ್ರತಿ ಸಲ ಫೋನಿನಲ್ಲಿ "ಕೂಸು ಹೇಗಿದೆ" ಎಂದು ಯಾವ ಬಾಯಿಂದ ಕೇಳಲಿ?

ನವೆಂಬರ್ 18, ಮಂಗಳವಾರ

ವೈಜಯಂತಿ ಬಾಯಿಯ ಮನೆಗೆ ಹೋದೆ. ಹಣದ ಲಕೋಟೆ ಟೀಪಾಯಿಯ ಮೇಲಿಟ್ಟು ಲವಂಗದ ಕಥೆ ಪೂರ್ತಿ ಹೇಳಿದೆ. ಗಂಡ ಒಳಗಿನಿಂದ ಬೊಚ್ಚು ಬಾಯಿಯಲ್ಲಿ "ಲವಂಗ ಹಲ್ಲಿಗೆ ಒಳ್ಳೇದಲ" ಎಂದ. ಬಾಯಿ ನಗಲಿಲ್ಲ.

"ಹಣ ಸಾಕಾಗೂದಿಲ್ಲ. ನೀ ನನ್ನ ಮಾನ ತೆಗ್ದದ್ದು ಎಲ್ಲಿ? ಗುಂಪಲ್ಲಿ. ಎಷ್ಟು ಹೊತ್ತು? ನಾಕು ನಿಮಿಷ. ಅದೇ ಗುಂಪಲ್ಲಿ, ಅದೇ ದನಿಯಲ್ಲಿ, ನಾಕು ನಿಮಿಷ ಹೇಳು. ಕೇಕ್ ಅದ್ಲು ಬದ್ಲಾಗಿತ್ತು ಅಂತ."

ಅದ್ಲು ಬದ್ಲು ಎಂದರೆ ಇನ್ನೊಂದು ಎಲ್ಲಿಗೆ ಹೋಯಿತು ಎಂದು ಕೇಳುತ್ತಾರೆ. ಮೊದಲ ವಾಯ್ಸ್ ಮೆಸೇಜ್ ಎರಡೇ ದಿನದಲ್ಲಿ ಅಗಸೂರಿನ ಹತ್ತಿರದ ಅಂಕೋಲೆ ಮುಟ್ಟಿತ್ತು. ಇದೂ ಮುಟ್ಟುತ್ತದೆ. ಎರಡು ದಿನ ಸಮಯ ಕೇಳಿದೆ. ಯಾಕೆಂದು ಹೇಳಿದೆ.

ವೈಜಯಂತಿ ಬಾಯಿ ಲಕೋಟೆ ತಿರುಗಿಸಿದರು. "ಮೀನು ಬಿಟ್ಟದ್ದಾ? ಹದಿನಾಲ್ಕು ತಿಂಗ್ಳಾ?" ಎಂದರು. ಆಮೇಲೆ, "ಗುರುವಾರ ಸಂಜೆವರೆಗೆ. ಅದಕ್ಕೆ ಮೇಲೆ ಇಲ್ಲ."

ನವೆಂಬರ್ 20, ಗುರುವಾರ. ಸಂಜೆ 5

ಬೆಳಿಗ್ಗೆ ಅಂಕೋಲೆಯಲ್ಲಿ ಬಸ್ಸು ಬದಲಿಸಿ ಅಗಸೂರು. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡೆ. ಕಾಲಿಗೆ ಬೀಳುವುದು ಎಲ್ಲಿ, ಧ್ವನಿ ಒಡೆಯುವುದು ಎಲ್ಲಿ, ಎಲ್ಲ ಸಿದ್ಧ.

ಹೊನ್ನಕ್ಕ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದಳು. ಕಾಲಿನಿಂದಲೇ ಸಾಲು ಎಳೆಯುತ್ತ. ಬೊಮ್ಮಿ ಚಾಪೆಯ ಮೇಲೆ, ಮೊರ ಬಡಿಯುತ್ತ.

"ಯಾರೇ ಅದು, ರಾಜಮಾತೆ. ಬಸ್ಸಿಂದ ಇಳಿದದ್ದೂ ಕೇಳ್ಲಿಲ್ಲ. ದನಿ ಕಾರವಾರದಲ್ಲೇ ಬಿಟ್ಟು ಬಂದೀಯಾ?"

ಹೌದು, ಬಿಟ್ಟೇ ಬಂದಿದ್ದೆ. ಕಟ್ಟಿಕೊಂಡ ಒಂದು ಮಾತೂ ಬರಲಿಲ್ಲ. "ಅಕ್ಕಾ, ಆ ಕೇಕಲ್ಲಿ ಮೊಟ್ಟೆ ಇತ್ತು" ಎಂದೆ. ಅದೂ ಪಿಸುಮಾತು.

ಅವಳ ಕಾಲು ನಿಲ್ಲಲಿಲ್ಲ. ಒಂದು ಸಾಲು ಮುಗಿಸಿದಳು. ಇನ್ನೊಂದು. ಕಾಗೆ ಬಂತು, ಓಡಿಸಿದಳು. ನಾನು ಲಕೋಟೆ ತೆಗೆದೆ.

"ಎಂತದು ಅದು?"

"ಕೇಕಿನ ಹಣ."

"ಹಣ ನಾ ಕೇಳಿದ್ನಾ?" ಈಗ ನಿಂತಳು. "ಹದಿನಾಲ್ಕು ತಿಂಗಳು ಕೊಡು. ವಾಪಸ್ ಕೊಡೂಕೆ ಬಂದವ್ಳು ನೀನು. ಕೊಡು."

ಇಷ್ಟು ವರ್ಷ ಎಂತೆಂಥ ಬೇಡಿಕೆಗೆ ಉತ್ತರ ಕೊಟ್ಟಿದ್ದೇನೆ. ಕರಗಿದ ಕ್ರೀಮು, ತಪ್ಪಿದ ಬಣ್ಣ, ತಿಂದು ಮುಗಿಸಿದ ಮೇಲಿನ ಅರುಚಿ. ಇದಕ್ಕೆ ಶಾಸನ ಇರಲಿಲ್ಲ.

ಅತ್ತುಬಿಟ್ಟೆ. ನಾಟಕದ ಅಳುವಲ್ಲ, ಮೂಗು ಸೋರುವ ಅಳು. ಅವಳು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಮಜ್ಜಿಗೆ ತಂದಿಟ್ಟಳು, ನನ್ನ ಕಡೆ ನೋಡದೆ.

"ನಾ ಇವತ್ತಿಂದ ಮತ್ತೆ ಶುರು ಮಾಡ್ತೆ. ಒಬ್ಳೇ ಅಲ್ಲ. ನೀನೂ ಬಿಡು. ಮೀನು, ಮೊಟ್ಟೆ, ಎರಡೂ."

"ಎಲ್ಲಿವರೆಗೆ ಅಕ್ಕಾ?"

ಬೊಮ್ಮಿಯ ಕಡೆ ಗದ್ದ ಎತ್ತಿದಳು. "ಅವ್ಳ ಕೇಳು."

ಬೊಮ್ಮಿ ಮೊರ ಬಡಿದಳು.

ಅದೇ ದಿನ. 7.30

ಗುಂಪಿಗೆ ಹೇಳಿದೆ. ನಾಲ್ಕು ನಿಮಿಷ ಎಳೆಯಲು ಆಗಲಿಲ್ಲ. ನಲವತ್ತು ಸೆಕೆಂಡು. ವೈಜಯಂತಿ ಬಾಯಿಯ ಉತ್ತರ ಬಂತು: "ಮೂರು ನಿಮಿಷ ಇಪ್ಪತ್ತು ಸೆಕೆಂಡು ಬಾಕಿ ಅದೆ. ಇರ್ಲಿ."

ಎರಡು ಆರ್ಡರ್ ರದ್ದು. ಒಬ್ಬಳು ಮೂರು ತಿಂಗಳ ಹಿಂದಿನ ಕೇಕಿನ ಹಣ ಕೇಳುತ್ತಿದ್ದಾಳೆ, ಅದರಲ್ಲೂ ಮೊಟ್ಟೆ ಇದ್ದೀತೆಂದು. ಚಾಕೊಲೇಟ್ ಕೇಕ್, ಮೊಟ್ಟೆ ಹಾಕು ಎಂದು ಅವಳೇ ಬರೆದ ಮೆಸೇಜ್ ಇದೆ. ಕಳಿಸಿದೆ. ಧ್ವನಿ ಎತ್ತಲಿಲ್ಲ.

ರೀಲ್ ಡಿಲೀಟ್ ಮಾಡಿಸಿದೆ.

ನವೆಂಬರ್ 26, ಬುಧವಾರ

ಇಂದು ಇಸ್ವಾಣ ಮೀನು ಬಂದಿದೆ. ಭರತ ಬೇಕೆಂದೇ ತಂದಿದ್ದಾನೆ. ಹುರಿದವಳು ನಾನೇ. ತಟ್ಟೆಗೆ ಬಡಿಸಿ ಹಿತ್ತಲಿಗೆ ಹೋಗಿ ನಿಂತೆ. ಅಲ್ಲಿಗೂ ವಾಸನೆ ಬಂತು.

"ಸ್ಟೇಜ್ ಮೇಲೆ ರಾಜ್ಯ ಬಿಟ್ಟವ್ರನ್ನ ಬೇಕಾದಷ್ಟು ನೋಡಿದ್ದೆ," ಎಂದ ಭರತ, ಊಟ ಮಾಡುತ್ತಲೇ. "ಇಸ್ವಾಣ ಬಿಟ್ಟವ್ರನ್ನ ಈಗಲೇ ನೋಡೂದು."

ಇನ್ನೊಂದು ತೊಂದರೆ ಲೆಕ್ಕಕ್ಕೆ ಬಂದಿರಲಿಲ್ಲ. ಮೊಟ್ಟೆ ಹಾಕಿದ ಕೇಕನ್ನು ನಾನೇ ರುಚಿ ನೋಡುವ ಹಾಗಿಲ್ಲ. ಪ್ರೇಕ್ಷಾಳೇ ಈಗ ನಾಲಿಗೆ. "ಓಕೆ ಇದೆ" ಎನ್ನುತ್ತಾಳೆ ಎಲ್ಲಕ್ಕೂ. ಓಕೆ ಎಂದರೆ ಏನು, ಸಿಹಿಯೋ, ಮೆತ್ತಗೋ, ಸುಟ್ಟಿದೆಯೋ? ಕುರುಡಿಯ ಹಾಗೆ ಅಡುಗೆ.

ಲವಂಗ ಬಿಟ್ಟೆ. ಮೊಟ್ಟೆ ಇಲ್ಲದ್ದಕ್ಕೆ ಈಗ ಕೆಂಪು ಟೇಪು, ಆರಲು ಇಡುವ ತಟ್ಟೆಗೇ ಅಂಟಿಸಿದ್ದು.

ಡಿಸೆಂಬರ್ 7, ಭಾನುವಾರ

ಕನಸಿನಲ್ಲಿ ಶೆಟ್ಲಿ ಚಟ್ನಿ, ಒಣ ಸಿಗಡಿಯ ಘಮದ ಸಮೇತ.

ಹೊನ್ನಕ್ಕನಿಗೆ ಫೋನ್. "ಕೂಸು ಹೇಗಿದೆ?" ಈಗ ಕೇಳಬಹುದು. "ಗೋಡೆ ಹಿಡ್ದು ನಿಂತ್ಕಂತದೆ. ಬಿಡೂದಿಲ್ಲ ಗೋಡೆ. ನಿನ್ಗೆ ಆಸೆ ಆಗ್ತದ್ಯೇ?" ಆಗುತ್ತದೆ ಎಂದೆ. "ಆಗ್ಲಿ," ಎಂದಳು. ಮೊಟ್ಟೆಯ ವಿಷಯ ಹೇಳಿದ ಮೇಲೆ ಮೊದಲ ಸಲ ನಕ್ಕಳು.

ಡಿಸೆಂಬರ್ 14, ಭಾನುವಾರ. 11.10

ಓವನ್ನಿನಲ್ಲಿ ಎರಡು. ಆರಲು ಇಡುವ ತಟ್ಟೆಗೆ ಕೆಂಪು ಟೇಪು ಇದೆ, ನೋಡಿದೆ. ಮತ್ತೆ ನೋಡಿದೆ. ಹೊರಗೆ ಮೀನಿನವಳು ಕೂಗುತ್ತಿದ್ದಾಳೆ, ತಾರಲೆ. ಬೇಡ ಎಂದು ಇಲ್ಲಿಂದಲೇ ಕೂಗಿದೆ. ಆಚೆ ಓಣಿಯವರೆಗೂ ಕೇಳಿಸಿರಬೇಕು, ವೈಜಯಂತಿ ಬಾಯಿ "ನಂಗೆ ಬೇಕು" ಎಂದು ಅಲ್ಲಿಂದ ಕೂಗಿದರು.

ಹೊನ್ನಕ್ಕನ ನಂಬರಿನಿಂದ ವಿಡಿಯೊ. ಅಂಗಳ. ಭತ್ತ ಇಲ್ಲ ಈಗ. ತುಳಸಿಕಟ್ಟೆ ಹಿಡಿದು ಬೊಮ್ಮಿ. ಯಾರೋ "ಬಾ, ಬಾ" ಎನ್ನುತ್ತಿದ್ದಾರೆ. ವಿಡಿಯೊ ಅಲ್ಲೇ ನಿಂತುಬಿಟ್ಟಿದೆ, ನೆಟ್ ಇಲ್ಲ. ಚಕ್ರ ಸುತ್ತುತ್ತಿದೆ. ಒಂದು ಸುತ್ತು. ಎರಡು. ಬಂತು — ಒಂದು ಕೈ ಬಿಟ್ಟಳು. ಇನ್ನೊಂದು ಕೈಯೂ ಸಡಿಲ. ಬರೆಯುವುದು ಆಮೇಲೆ, ಈಗ ನೋಡಬೇಕು.